ಹಾಸಿಗೆ ಹಿಡಿದವರ ಕೋಣೆ ತೋರಿಸಿ ಅನ್ನಿ: ವೃದ್ಧಾಶ್ರಮ ನೋಡಲು ಹೋಗುವವರಿಗೆ

ಲಕ್ವ ಹೊಡೆದಾಗ ನಮ್ಮ ದೊಡ್ಡವ್ವನಿಗೆ 76 ವರ್ಷ. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಜಮಖಂಡಿ ಹತ್ತಿರದ ಹಳ್ಳಿ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಒಬ್ಬ ಮಗ ಪುಣೆಯಲ್ಲಿ, ಇನ್ನೊಬ್ಬ ಬೆಂಗಳೂರಲ್ಲಿ. ಆಸ್ಪತ್ರೆಯಿಂದ ಬಿಡುವ ದಿನ ಹತ್ತಿರ ಬಂದಂತೆ ಎಲ್ಲರಿಗೂ ಗಡಿಬಿಡಿ. ಒಂದು ಮಧ್ಯಾಹ್ನ ಹೋಗಿ ಒಂದು ವೃದ್ಧಾಶ್ರಮ ನೋಡಿದೆವು. ಮುಂದೆ ಗುಲಾಬಿ ತೋಟ, ಒಳಗೆ ಹೊಳೆಯುವ ಟೈಲ್ಸ್. ಪಡಸಾಲೆಯಲ್ಲಿ ಕೂತಿದ್ದ ನಾಲ್ಕು ಜನ ಹಿರಿಯರು ನಗುತ್ತಾ ಮಾತಾಡಿಸಿದರು. ಒಂದೇ ತಾಸಿನಲ್ಲಿ ಒಪ್ಪಿಬಿಟ್ಟೆವು. ನಲವತ್ತು ದಿನದ ನಂತರ ಕಾಲಿಗೆ ಎಣ್ಣೆ ಹಚ್ಚೋಣ ಅಂತ ಅವಳ ಕಾಲುಚೀಲ ತೆಗೆದೆ. ಬಲ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕರಿ ಹುಣ್ಣು.

ನಗುತ್ತಾ ಮಾತಾಡಿಸಿದವರೆಲ್ಲ ಎದ್ದು ಓಡಾಡುವವರು. ದೊಡ್ಡವ್ವನ ಹಾಗೆ ಮಲಗಿದವರು ಹಿಂದಿನ ಕೋಣೆಯಲ್ಲಿದ್ದರು. ಆ ಕೋಣೆಯನ್ನು ಅವರು ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ತಿರುಗಿ ಆರು ಕಡೆ ನೋಡಿದೆ. ಒಂದೊಂದು ಕಡೆ ಒಂದೊಂದು ಪಾಠ. ನಿಮ್ಮ ಮನೆಯಲ್ಲೂ ಇಂಥ ದಿನ ಬಂದಿದ್ದರೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹೆಜ್ಜೆ 1: ಹೊರಡುವ ಮುಂಚೆ ಒಂದು ಹಾಳೆ ಬರೆಯಿರಿ

ನಿಮ್ಮ ಅಪ್ಪ, ಅವ್ವ, ಅಜ್ಜಿ ಯಾರೇ ಇರಲಿ, ಅವರು ತಾವೇ ಏನು ಮಾಡಿಕೊಳ್ಳಬಲ್ಲರು ಅಂತ ಬರೆಯಿರಿ. ನಡಿಗೆ, ಸ್ನಾನ, ಸಂಡಾಸ, ಊಟ, ಬಟ್ಟೆ ಹಾಕಿಕೊಳ್ಳುವುದು, ಗುಳಿಗೆ ನೆನಪಿಡುವುದು. ಪ್ರತಿಯೊಂದರ ಮುಂದೆ ‘ತಾನೇ’, ‘ಆಸರೆ ಬೇಕು’, ‘ಆಗುವುದಿಲ್ಲ’ ಅಂತ ಹಾಕಿ. ರಾತ್ರಿ ಎಷ್ಟು ಸಲ ಏಳುತ್ತಾರೆ ಅನ್ನುವುದನ್ನೂ ಬರೆಯಿರಿ. ಈ ಹಾಳೆ ಕೈಯಲ್ಲಿದ್ದರೆ ಆಶ್ರಮದವರು ತಮಗೆ ಬೇಕಾದ್ದು ಹೇಳುವ ಬದಲು ನಿಮಗೆ ಬೇಕಾದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹಿರಿಯರನ್ನೇ ಕೇಳಿ, ಅದು ಮುಖ್ಯ. ಅವರಿಗೆ ತಿಳಿಸದೆ ‘ಆಸ್ಪತ್ರೆಗೆ ಹೋಗೋಣ’ ಅಂತ ಕರೆದುಕೊಂಡು ಹೋಗಿ ಬಿಟ್ಟು ಬರುವವರನ್ನು ನೋಡಿದ್ದೇನೆ. ಆ ನೋವು ಹೋಗುವುದಿಲ್ಲ.

ಊರು ಆರಿಸುವಾಗ ಎರಡು ಲೆಕ್ಕ ಹಾಕಿ. ವಾರಕ್ಕೊಮ್ಮೆ ಹೋಗಿ ನೋಡುವವರು ಯಾರು, ಅವರ ಮನೆ ಎಲ್ಲಿ? ದೂರದ ಒಳ್ಳೆ ಆಶ್ರಮಕ್ಕಿಂತ ಹತ್ತಿರದ ಸಾಧಾರಣ ಆಶ್ರಮ ಎಷ್ಟೋ ಸಲ ವಾಸಿ, ಯಾಕೆಂದರೆ ನಿಮ್ಮ ಕಣ್ಣು ಅಲ್ಲಿರುತ್ತದೆ. ಎರಡನೆಯದು ಆಸ್ಪತ್ರೆ. ಬೆಳಗಾವಿಯಲ್ಲಿ ಕೆಎಲ್‌ಇ, ಬಿಮ್ಸ್. ವಿಜಯಪುರದಲ್ಲಿ ಬಿಎಲ್‌ಡಿಇ, ಜಿಲ್ಲಾಸ್ಪತ್ರೆ. ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ. ಆಶ್ರಮದಿಂದ ಅಲ್ಲಿಗೆ ರಾತ್ರಿ ಎರಡು ಗಂಟೆಗೆ ಯಾವ ಗಾಡಿಯಲ್ಲಿ, ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಕೇಳಿ. ‘ವ್ಯವಸ್ಥೆ ಐತ್ರಿ’ ಅನ್ನುವುದು ಉತ್ತರ ಆಗುವುದಿಲ್ಲ. ಗಾಡಿ ಯಾರದು, ಡ್ರೈವರ್ ರಾತ್ರಿ ಎಲ್ಲಿ ಮಲಗುತ್ತಾನೆ, ಅದು ಗೊತ್ತಾಗಬೇಕು.

ಫೋನಿನಲ್ಲೇ ಇನ್ನೊಂದು ಮಾತು ಕೇಳಿಬಿಡಿ: ‘ಮುಂದೆ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ?’ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುವ ಕಡೆಗಳು ಬಹಳ ಇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡು ವರ್ಷದ ನಂತರ ‘ಬಂದು ಕರೆದುಕೊಂಡು ಹೋಗ್ರಿ’ ಅನ್ನುತ್ತಾರೆ ಅಂತ ಈಗಲೇ ಗೊತ್ತಿರಬೇಕಲ್ವಾ?

ಹೆಜ್ಜೆ 2: ಎರಡು ಸಲ ಹೋಗಿ, ಎರಡನೇ ಸಲ ಹೇಳದೆ ಹೋಗಿ

ಮೊದಲ ಸಲ ಹೇಳಿ ಹೋಗಿ, ಚಹಾ ಕುಡಿಯಿರಿ, ಮೇಲ್ವಿಚಾರಕರ ಮಾತು ಕೇಳಿ. ಎರಡನೇ ಸಲ ಬೆಳಗ್ಗೆ ಏಳಕ್ಕೋ, ಸಂಜೆ ಏಳರ ಮೇಲೋ, ಇಲ್ಲವೇ ಭಾನುವಾರವೋ ಸುಮ್ನೆ ಹೋಗಿ. ಬೆಳಗ್ಗೆ ಹೋದರೆ ರಾತ್ರಿ ಹೇಗೆ ಕಳೆದಿದೆ ಅನ್ನುವುದು ಕಾಣುತ್ತದೆ: ಒದ್ದೆ ಹಾಸಿಗೆ ಎಷ್ಟು, ಸ್ನಾನ ಯಾರಿಗೆ ಆಗಿದೆ, ಬಿಸಿನೀರು ಇದೆಯಾ. ಸ್ನಾನದ ಹೊತ್ತಿನಲ್ಲಿ ಒಳಗೆ ಬಿಡದಿರುವುದು ಸರಿ, ಅದು ಅಲ್ಲಿರುವವರ ಮಾನದ ವಿಷಯ. ಹೊರಗೆ ಕೂತು ಅರ್ಧ ತಾಸು ಕಾಯಿರಿ. ಯಾವ ಹೊತ್ತಿಗೆ ಹೋದರೂ ‘ಈಗ ಬೇಡ’ ಅಂದರೆ ಮಾತ್ರ ಅನುಮಾನ ಪಡಿ.

ಒಳಗೆ ಹೋದ ಕೂಡಲೇ ಮೂಗು, ಕಿವಿ ಎರಡಕ್ಕೂ ಕೆಲಸ ಕೊಡಿ. ಒಂದು ಹಾಸಿಗೆಯ ಹತ್ತಿರ ಮೂತ್ರದ ವಾಸನೆ ಬಂದರೆ ಈಗಷ್ಟೇ ಆಗಿದೆ ಅಂತ ಅರ್ಥ. ಇಡೀ ಪಡಸಾಲೆಯಲ್ಲಿ, ಗಾದಿಯಲ್ಲಿ, ಪರದೆಯಲ್ಲಿ ಅದೇ ವಾಸನೆ ಕೂತಿದ್ದರೆ ತಿಂಗಳುಗಟ್ಟಲೆಯಿಂದ ಹಾಗಿದೆ. ಫಿನೈಲ್ ವಾಸನೆಯೊಂದೇ ಗಾಢವಾಗಿ ಹೊಡೆದರೂ ನಾನು ಸ್ವಲ್ಪ ಹಿಂದೆ ಮುಂದೆ ನೋಡುತ್ತೇನೆ.

ಕೆಲಸದವರು ಹೇಗೆ ಕರೆಯುತ್ತಾರೆ ಅನ್ನುವುದನ್ನು ಕೇಳಿಸಿಕೊಳ್ಳಿ. ಬಾಗಲಕೋಟೆಯ ಒಂದು ಕಡೆ ಆಯಾ ಒಬ್ಬಳು ‘ಆಯಿ, ನಿಮ್ಮ ಮಗ್ಗಲಾ ಬದಲಸ್ತೀನ್ರಿ, ಸ್ವಲ್ಪ ತಡ್ಕೋರಿ’ ಅಂತ ಹೇಳಿ ಆಮೇಲೆ ಮೈಗೆ ಕೈ ಹಾಕಿದಳು. ಆ ಆಯಿಗೆ ಮಾತೇ ಬರುತ್ತಿರಲಿಲ್ಲ. ಇನ್ನೊಂದು ಕಡೆ ‘ಮೂರನೇ ನಂಬರ್ ಮುದುಕಿಗೆ ಪ್ಯಾಂಪರ್ ಹಾಕು’ ಅನ್ನುವ ಮಾತು ಕೇಳಿತು. ನಾನು ಅಲ್ಲಿಂದ ಮುಂದೆ ನೋಡಲಿಲ್ಲ.

ಹೆಜ್ಜೆ 3: ಮಲಗಿದವರ ಕೋಣೆ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ತನಗೇನು ಬೇಕು ಅಂತ ಬಾಯಿಬಿಟ್ಟು ಕೇಳಲಾಗದವರನ್ನು ಹೇಗೆ ನೋಡಿಕೊಳ್ಳುತ್ತಾರೋ, ಮುಂದೊಂದು ದಿನ ನಿಮ್ಮವರನ್ನೂ ಹಾಗೇ ನೋಡಿಕೊಳ್ಳುತ್ತಾರೆ.

ಪರರ ಹೊದಿಕೆ ಎತ್ತಿ ನೋಡಬೇಡಿ. ಅದರ ಅಗತ್ಯವೂ ಇಲ್ಲ, ಹೊರಗಿನಿಂದಲೇ ಬಹಳ ಕಾಣುತ್ತದೆ. ತುಟಿ ಒಡೆದು ಒಣಗಿದೆಯಾ? ಉಗುರು ಕತ್ತರಿಸಿದೆಯಾ? ಕಣ್ಣಲ್ಲಿ ಪಿಸುರು ಇದೆಯಾ? ಕನ್ನಡಕ ಒರೆಸಿದೆಯಾ, ಅಥವಾ ಡಬ್ಬಿಯಲ್ಲೇ ಇದೆಯಾ? ಮೈಮೇಲಿನ ಬಟ್ಟೆ ಅವರದೇ ಏನು? ಒಗೆದ ಬಟ್ಟೆಯೆಲ್ಲ ಒಂದೇ ಗಂಟಾಗಿ ಬಂದು ಯಾರದ್ದೋ ಸೀರೆ ಯಾರಿಗೋ ಉಡಿಸುವ ಕಡೆ ಇವೆ.

ನೀರಿನ ಲೋಟ ಎಲ್ಲಿದೆ ನೋಡಿ. ದೊಡ್ಡವ್ವ ಮೊದಲು ಇದ್ದಲ್ಲಿ ಲೋಟ ಯಾವಾಗಲೂ ಅವಳ ಬಲಗಡೆಯ ಸ್ಟೂಲಿನ ಮೇಲೆ ಇರುತ್ತಿತ್ತು. ಬಲಗೈ ಏಳುವುದೇ ಇಲ್ಲವಲ್ಲ! ತುಂಬಿದ ಲೋಟ ತುಂಬಿದಂತೇ ಇರುತ್ತಿತ್ತು, ‘ಆಯಿ ನೀರೇ ಕುಡಿಯಂಗಿಲ್ರಿ’ ಅಂತ ನನಗೆ ಹೇಳುತ್ತಿದ್ದರು.

ಇನ್ನು ಹಾಸಿಗೆ ಹುಣ್ಣು. ಒಂದೇ ಕಡೆ ಒತ್ತಿ ಮಲಗಿದರೆ ಅಲ್ಲಿ ರಕ್ತ ಓಡಾಡುವುದಿಲ್ಲ, ಚರ್ಮ ಸಾಯುತ್ತದೆ. ಸೊಂಟದ ಕೆಳಗೆ, ಹಿಮ್ಮಡಿ, ತೊಡೆಯ ಮೇಲ್ಭಾಗದ ಹೊರಪಕ್ಕದ ಎಲುಬು, ಮೊಣಕೈ, ಈ ಜಾಗಗಳಲ್ಲಿ ಮೊದಲು ಬರುತ್ತದೆ. ಹಾಸಿಗೆ ಹಿಡಿದವರ ಮಗ್ಗಲನ್ನು ಸುಮಾರು ಎರಡು ತಾಸಿಗೊಮ್ಮೆ ಬದಲಿಸಬೇಕು, ರಾತ್ರಿಯೂ. ಅದನ್ನು ಬರೆದಿಡುವ ಚಾರ್ಟ್ ತೋರಿಸಿ ಅಂತ ಕೇಳಿ, ತೋರಿಸಿದಾಗ ಗಡಿಯಾರ ನೋಡಿ. ನಾನು ಮಧ್ಯಾಹ್ನ ಎರಡಕ್ಕೆ ನೋಡಿದ ಒಂದು ಚಾರ್ಟಿನಲ್ಲಿ ಸಂಜೆ ಆರರವರೆಗೂ ಟಿಕ್ ಬಿದ್ದಿತ್ತು.

ಏರ್‌ಬೆಡ್ (ಹುಣ್ಣಾಗದಂತೆ ಮೋಟರಿನಿಂದ ಗಾಳಿ ತುಂಬುವ ಹಾಸಿಗೆ) ಇದ್ದರೆ ಅದರ ಮೋಟರ್ ಓಡುತ್ತಿದೆಯಾ ಅಂತ ಕೈಯಿಟ್ಟು ನೋಡಿ. ಎರಡು ಕಡೆ ಪ್ಲಗ್ ಕಿತ್ತಿಟ್ಟಿದ್ದು ಕಂಡೆ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಲಗಿಸಿದ್ದರೆ, ಅಲ್ಲಿ ಕೆಲಸ ಗೊತ್ತಿರುವವರು ಇದ್ದಾರೆ ಅಂತ ತಿಳಿಯಿರಿ. ಮೂತ್ರದ ಪೈಪ್ ಹಾಕಿದವರ ಚೀಲ ಹಾಸಿಗೆಗಿಂತ ಕೆಳಗೆ ತೂಗಬೇಕು, ಆದರೆ ನೆಲಕ್ಕೆ ತಾಗಬಾರದು. ಕೈ ಕಟ್ಟಿ ಹಾಕಿದ್ದು ಕಂಡರೆ ಯಾಕೆ, ಯಾವ ಡಾಕ್ಟರ್ ಹೇಳಿದ್ದು ಅಂತ ಕೇಳಿ.

ತಿನ್ನಿಸುವ ಹೊತ್ತಿಗೆ ಅಲ್ಲಿದ್ದರೆ ಇನ್ನೂ ಒಳ್ಳೆಯದು. ಎಬ್ಬಿಸಿ ಕೂರಿಸಿ ತಿನ್ನಿಸುತ್ತಾರಾ? ನುಂಗಿದ ಮೇಲೆ ಮುಂದಿನ ಚಮಚ ಕೊಡುತ್ತಾರಾ? ಊಟದ ನಂತರ ಅರ್ಧ ತಾಸಾದರೂ ಒರಗಿಸಿ ಕೂರಿಸುತ್ತಾರಾ? ಮಲಗಿದಲ್ಲೇ ಬಾಯಿಗೆ ಸುರಿದರೆ ಅನ್ನ, ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಲಕ್ವ ಹೊಡೆದವರಲ್ಲಿ ಈ ಭಯ ಜಾಸ್ತಿ.

ಹೆಜ್ಜೆ 4: ರಾತ್ರಿಯ ಲೆಕ್ಕ

ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳಿ. ನಂತರ ನೀವೇ ಲೆಕ್ಕ ಹಾಕಿ. ಎಂಟು ಜನ ಮಲಗಿದವರು, ಒಬ್ಬಳೇ ಆಯಾ. ಒಬ್ಬರ ಮಗ್ಗಲು ಬದಲಿಸಿ, ಒದ್ದೆಯಾದದ್ದು ತೆಗೆದು, ನೀರು ಕುಡಿಸಲು 15 ನಿಮಿಷ ಅಂದರೂ ಎಂಟು ಜನಕ್ಕೆ ಎರಡು ತಾಸು. ಕೊನೆಯವರದು ಮುಗಿಯುವ ಹೊತ್ತಿಗೆ ಮೊದಲಿನವರ ಸರದಿ ಬಂದಿರುತ್ತದೆ. ಆಕೆ ಒಂದು ನಿಮಿಷ ಕೂರುವಂತಿಲ್ಲ. ನಡುವೆ ಯಾರಾದರೂ ಸಂಡಾಸದಲ್ಲಿ ಬಿದ್ದರೆ? ಎಷ್ಟೇ ಒಳ್ಳೆಯ ಮನಸ್ಸಿನವಳಾದರೂ ಆಕೆಯಿಂದ ಆಗದ ಕೆಲಸ ಅದು. ದೊಡ್ಡವ್ವನ ಹಿಮ್ಮಡಿ ಹುಣ್ಣಾದದ್ದು ಆಯಾಳ ಕೆಟ್ಟತನದಿಂದ ಅಲ್ಲ, ಇಂಥ ಲೆಕ್ಕದಿಂದ ಅಂತ ಈಗ ನನಗೆ ಅನ್ನಿಸುತ್ತದೆ.

‘ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ?’ ಅಂತ ಕೆಲಸದವರನ್ನೇ ಕೇಳಿ. ನಾಲ್ಕೈದು ವರ್ಷದಿಂದ ಇರುವವರು ಇಬ್ಬರು ಮೂವರು ಸಿಕ್ಕರೆ ಆ ಆಶ್ರಮದಲ್ಲಿ ಪಗಾರ ಸರಿಯಾಗಿ ಕೊಡುತ್ತಾರೆ, ಮರ್ಯಾದೆಯಿಂದ ನಡೆಸಿಕೊಳ್ಳುತ್ತಾರೆ. ಎಲ್ಲರೂ ಹೊಸಬರಾದರೆ ಯೋಚನೆ ಮಾಡಿ.

ಖಾಲಿ ಹಾಸಿಗೆಯ ಪಕ್ಕದ ಬೆಲ್ ಒತ್ತಲು ಅನುಮತಿ ಕೇಳಿ, ಒತ್ತಿ, ಯಾರು ಎಷ್ಟು ನಿಮಿಷಕ್ಕೆ ಬರುತ್ತಾರೆ ನೋಡಿ. ಬೆಲ್ ಇಲ್ಲದಿದ್ದರೆ ರಾತ್ರಿ ಕೂಗಿದ್ದು ಯಾರಿಗೆ ಕೇಳುತ್ತದೆ ಅಂತ ಕೇಳಿ.

ಹೆಜ್ಜೆ 5: ಅಡುಗೆಮನೆ ಮತ್ತು ತೂಕದ ಕಾಟಾ

ಗೋಡೆಯ ಮೇಲಿನ ಊಟದ ಪಟ್ಟಿ ಓದಬೇಡಿ, ಊಟದ ಹೊತ್ತಿಗೆ ಹೋಗಿ ಜೊತೆಗೆ ಕೂತು ಉಣ್ಣಿ. ನಮ್ಮ ಕಡೆಯ ಹಿರಿಯರಿಗೆ ರೊಟ್ಟಿ ಇಲ್ಲದೆ ಊಟ ಆದಂತೆ ಅನ್ನಿಸುವುದಿಲ್ಲ. ಹಲ್ಲಿಲ್ಲದವರ ತಟ್ಟೆಗೂ ಕಟಕ್ ರೊಟ್ಟಿ ಹಾಕಿ ಹಾಗೇ ವಾಪಸ್ ಒಯ್ಯುತ್ತಾರಾ, ಅಥವಾ ಬಿಸಿ ರೊಟ್ಟಿಯನ್ನು ಹಾಲಲ್ಲೋ ಸಾರಲ್ಲೋ ಮುರಿದು ನೆನೆಸಿ ಕೊಡುತ್ತಾರಾ? ಜೋಳದ ನುಚ್ಚು, ಅಂಬಲಿ, ಮೆತ್ತಗಿನ ಕಿಚಡಿ ಮಾಡುವ ರೂಢಿ ಇದೆಯಾ? ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ ದಿನವೂ ಸಿಗುತ್ತದಾ? ವಾಪಸ್ ಬಂದ ತಟ್ಟೆಯನ್ನು ಯಾರಾದರೂ ನೋಡುತ್ತಾರಾ?

ರಾತ್ರಿ ಊಟಕ್ಕೂ ಬೆಳಗಿನ ನಾಷ್ಟಾಕ್ಕೂ ಎಷ್ಟು ಅಂತರ ಅಂತ ಕೇಳಿ. ಸಂಜೆ ಆರೂವರೆಗೇ ಊಟ ಮುಗಿಸಿ ಬೆಳಗ್ಗೆ ಎಂಟೂವರೆಗೆ ಉಪ್ಪಿಟ್ಟು ಕೊಟ್ಟರೆ ನಡುವೆ 14 ತಾಸು. ಶುಗರ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನಸುಕಿನಲ್ಲಿ ಶುಗರ್ ಇಳಿದು ಅಪಾಯ ಆಗಬಹುದು. ಮಲಗುವ ಮುಂಚೆ ಒಂದು ಲೋಟ ಹಾಲು, ಎರಡು ಬಿಸ್ಕತ್ತು ಕೊಡುತ್ತಾರಾ ಕೇಳಿ.

ಆಮೇಲೆ ‘ತೂಕದ ಕಾಟಾ ಎಲ್ಲಿದೆ?’ ಅನ್ನಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆಯುವ ಆಶ್ರಮ ಅಂದರೆ ಅರ್ಧ ನಂಬಿಕೆ ಬಂದಂತೆ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಇಳಿದರೆ, ಅಂದರೆ 50 ಕೆಜಿ ಇದ್ದವರು ಎರಡೂವರೆ ಕೆಜಿ ಕಳೆದುಕೊಂಡರೆ, ಡಾಕ್ಟರಿಗೆ ತೋರಿಸಲೇಬೇಕು. ಆರು ತಿಂಗಳಲ್ಲಿ ನೂರಕ್ಕೆ 10 ಇಳಿದರೂ ಅಷ್ಟೇ.

ನೀರಿನ ಮಾತು ಮತ್ತೆ ಹೇಳುತ್ತೇನೆ. ವಿಜಯಪುರದ ಏಪ್ರಿಲ್, ಮೇ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಸಂಡಾಸಕ್ಕೆ ಏಳಬೇಕಾಗುತ್ತದೆ ಅಂತ ಹೆದರಿ ಹಿರಿಯರು ನೀರನ್ನೇ ಬಿಡುತ್ತಾರೆ. ಕೇಳಿದಾಗ ಕೊಡುವುದು ಸಾಲದು, ಹೊತ್ತು ಹೊತ್ತಿಗೆ ನೀರು, ಮಜ್ಜಿಗೆ ತಂದು ಕುಡಿಸಬೇಕು. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಡಾಕ್ಟರ್ ಹೇಳಿದಷ್ಟೇ. ನೆಟ್ಟಗಿದ್ದ ಅಜ್ಜ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಏನೇನೋ ಮಾತಾಡಲು ಶುರು ಮಾಡಿದರೆ ಅದು ವಯಸ್ಸಿನ ಮರೆವು ಅಂತ ಬಿಡಬಾರದು. ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ಮೂತ್ರದ ಸೋಂಕು ಇರಬಹುದು. ಇಂಥದ್ದು ಆದಾಗ ಏನು ಮಾಡುತ್ತೀರಿ ಅಂತ ಸಿಸ್ಟರನ್ನು ಕೇಳಿ ನೋಡಿ.

ಹೆಜ್ಜೆ 6: ಗುಳಿಗೆ, ಡಾಕ್ಟರ್

ಒಬ್ಬೊಬ್ಬರ ಹೆಸರಿನ ಡಬ್ಬಿ, ಒಬ್ಬೊಬ್ಬರ ಹಾಳೆ, ಕೊಟ್ಟ ಮೇಲೆ ಸಹಿ. ಇಷ್ಟಿದ್ದರೆ ಸರಿ. ಎಲ್ಲರ ಗುಳಿಗೆ ಒಂದೇ ತಟ್ಟೆಯಲ್ಲಿ ಬಂದರೆ ಸರಿಯಲ್ಲ. ಡಾಕ್ಟರ್ ಎಷ್ಟು ದಿನಕ್ಕೆ ಬರುತ್ತಾರೆ, ಬಂದಾಗ ಹಾಸಿಗೆಯ ಹತ್ತಿರ ಹೋಗಿ ನೋಡುತ್ತಾರಾ ಅಥವಾ ಆಫೀಸಿನಲ್ಲೇ ಕೂತು ಬರೆದು ಹೋಗುತ್ತಾರಾ, ಇದನ್ನು ಅಲ್ಲಿರುವ ಹಿರಿಯರನ್ನು ಕೇಳಿದರೆ ನಿಜ ತಿಳಿಯುತ್ತದೆ. ಬೆಳಗ್ಗೆ ಹನ್ನೊಂದಕ್ಕೂ ಅರ್ಧ ಜನ ತೂಕಡಿಸುತ್ತಿದ್ದರೆ ನಿದ್ದೆ ಗುಳಿಗೆ ಯಾರ್ಯಾರಿಗೆ, ಯಾರು ಬರೆದಿದ್ದು ಅಂತ ವಿಚಾರಿಸಿ.

ಹೆಜ್ಜೆ 7: ಸಂಡಾಸ, ಮಳೆ, ಬಿಸಿಲು

ಸಂಡಾಸದಲ್ಲಿ ಕಮೋಡ್, ಗೋಡೆಗೆ ಗಟ್ಟಿ ಹಿಡಿಕೆ, ಜಾರದ ನೆಲ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಹಿಡಿಕೆಯನ್ನು ಜಗ್ಗಿ ನೋಡಿ. ಬೆಳಗಾವಿಯಲ್ಲಿ ನೋಡುವುದಾದರೆ ಮಳೆಗಾಲದಲ್ಲಿ ಹೋಗುವುದು ಒಳ್ಳೆಯದು: ಅಂಗಳದ ಪಾಚಿ, ಸೋರುವ ಗೋಡೆ, ಒಣಗದೆ ವಾಸನೆ ಹೊಡೆಯುವ ಕೌದಿ ಎಲ್ಲ ಆಗಲೇ ಕಾಣುವುದು. ವಿಜಯಪುರ, ಬಾಗಲಕೋಟೆ ಕಡೆ ಬೇಸಿಗೆಯ ಮಧ್ಯಾಹ್ನ ಮೂರಕ್ಕೆ ಮೇಲಿನ ಮಹಡಿಯ ಕೋಣೆಯಲ್ಲಿ ಹತ್ತು ನಿಮಿಷ ಕೂತು ನೋಡಿ. ಕರೆಂಟ್ ಹೋದರೆ ಫ್ಯಾನ್ ಎಷ್ಟು ಹೊತ್ತು ತಿರುಗುತ್ತದೆ ಕೇಳಿ.

ಹೆಜ್ಜೆ 8: ಮಾತು ಮತ್ತು ಪೂಜೆ

ಮರೆವಿನ ಕಾಯಿಲೆ ಬಂದವರು ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಬಿಟ್ಟು ತಾಯಿಮಾತಿಗೆ ಮರಳುತ್ತಾರೆ. ಬೆಳಗಾವಿಯಲ್ಲಿ ಮನೆಮಾತು ಮರಾಠಿಯೋ ಕನ್ನಡವೋ, ವಿಜಯಪುರದಲ್ಲಿ ಉರ್ದುವೋ ಲಂಬಾಣಿಯೋ, ಅದನ್ನು ಬಲ್ಲವರು ಪಾಳಿಯಲ್ಲಿ ಒಬ್ಬರಾದರೂ ಇರಬೇಕು. ‘ನೋವಾಗ್ತದ’ ಅನ್ನುವುದೇ ಅರ್ಥ ಆಗದಿದ್ದರೆ ಆರೈಕೆ ಎಲ್ಲಿಂದ ಬಂತು?

ದೊಡ್ಡವ್ವ ಇಷ್ಟಲಿಂಗ ಪೂಜೆ ಆಗದೆ ಬಾಯಿಗೆ ತುತ್ತು ಹಾಕುವವಳಲ್ಲ. ಮೊದಲಿನ ಕಡೆ ಸ್ನಾನ ಹನ್ನೊಂದಕ್ಕೆ, ನಾಷ್ಟಾ ಎಂಟಕ್ಕೆ. ಹಾಗಾಗಿ ಅವಳು ನಾಷ್ಟಾ ಬಿಡುತ್ತಿದ್ದಳು. ಅವರ ಪುಸ್ತಕದಲ್ಲಿ ‘ಹಸಿವಿಲ್ಲ’ ಅಂತ ಬರೆದಿತ್ತು. ನಿಮ್ಮವರಿಗೆ ನಮಾಜ್ ಇರಬಹುದು, ಏಕಾದಶಿ ಇರಬಹುದು, ಏನೂ ಇಲ್ಲದಿರಬಹುದು. ಇದ್ದರೆ ಸೇರಿಸುವ ಮುಂಚೆಯೇ ಹೇಳಿ, ಹೊತ್ತು ಹೊಂದಿಸಿಕೊಳ್ಳಿ.

ಹೆಜ್ಜೆ 9: ಕಾಗದ, ದುಡ್ಡು, ಕಾನೂನು

ಟ್ರಸ್ಟ್ ಅಥವಾ ಸಂಘದ ನೋಂದಣಿ ಪತ್ರ ನೋಡಿ. ಕೊಟ್ಟ ಪ್ರತಿ ಪೈಸೆಗೆ ರಸೀದಿ ತೆಗೆದುಕೊಳ್ಳಿ. ಕರಾರಿನಲ್ಲಿ ಈ ಮಾತುಗಳು ಬರಹದಲ್ಲಿ ಇರಲಿ: ತಿಂಗಳ ಹಣದಲ್ಲಿ ಏನೇನು ಸೇರಿದೆ, ಡೈಪರ್ ಮತ್ತು ಔಷಧಿ ಯಾರ ಖರ್ಚು, ಡಿಪಾಸಿಟ್ ಯಾವಾಗ ವಾಪಸ್, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರು ಇರುತ್ತಾರೆ, ಬಿಡಿಸಿಕೊಂಡು ಹೋಗಲು ಎಷ್ಟು ದಿನ ಮುಂಚೆ ಹೇಳಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದ್ದರೆ ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಕೈಯಲ್ಲಿ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಹೊಲ, ಮನೆ ಬರೆದುಕೊಡಿ ಅನ್ನುವ ಆಶ್ರಮದಿಂದ ದೂರ ಇರಿ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 60 ವರ್ಷ ದಾಟಿದವರ ಪರ ನಿಂತಿದೆ. ದುಡ್ಡಿಲ್ಲದ ಹಿರಿಯರಿಗಾಗಿ ಸರ್ಕಾರ ಹಂತ ಹಂತವಾಗಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಮಾಡಬೇಕು ಅಂತ ಅದರ 19ನೇ ಕಲಂ ಹೇಳುತ್ತದೆ. ‘ನನ್ನನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತು ಹಾಕಿ ಆಸ್ತಿ ಕೊಟ್ಟ ಮೇಲೆ ನೋಡಿಕೊಳ್ಳದಿದ್ದರೆ 23ನೇ ಕಲಂ ಪ್ರಕಾರ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಆದ್ದರಿಂದ ಮಕ್ಕಳಿಗೇ ಬರೆದುಕೊಡುವಾಗಲೂ ಆ ಷರತ್ತು ಪತ್ರದಲ್ಲಿ ಇರಲಿ. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಗೆ: ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ, ಬಾಗಲಕೋಟೆ, ಜಮಖಂಡಿ, ವಿಜಯಪುರ, ಇಂಡಿಯಲ್ಲಿ ಅವರ ಕಚೇರಿಗಳಿವೆ. ಸಲಹೆಗೆ, ದೂರಿಗೆ ಹಿರಿಯರ ಸಹಾಯವಾಣಿ 14567. ಹೊಡೆತ, ಬಡಿತ ಕಂಡರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಹೆಜ್ಜೆ 10: ಸೇರಿಸಿದ ಮೇಲೆ

ಮೊದಲ ತಿಂಗಳು ಆದಷ್ಟು ಸಲ ಹೋಗಿ, ಬೇರೆ ಬೇರೆ ಹೊತ್ತಿಗೆ. ‘ಚೆನ್ನಾಗಿದ್ದೀಯಾ?’ ಅಂತ ಆಯಾಳ ಮುಂದೆ ಕೇಳಿದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಅಂಗಳಕ್ಕೆ ಕರೆದುಕೊಂಡು ಹೋಗಿ ‘ನಿನ್ನೆ ರಾತ್ರಿ ಸಂಡಾಸಕ್ಕ ಯಾರು ಕರಕೊಂಡು ಹೋದ್ರು?’ ಅಂತ ಕೇಳಿ. ಏನಾದರೂ ತಪ್ಪು ಕಂಡರೆ ತಾರೀಕು ಹಾಕಿ ಬರೆಯಿರಿ, ಫೋಟೋ ತೆಗೆಯಿರಿ, ಮೇಲ್ವಿಚಾರಕರಿಗೆ ಬರಹದಲ್ಲಿ ಕೊಡಿ. ಸರಿಹೋಗದಿದ್ದರೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಹೋಗಿ.

ಒಳ್ಳೆಯದು ಕಂಡಾಗಲೂ ಹೇಳಿ. ಪಂಚಮಿಗೆ ಉಂಡಿ ಒಯ್ದಾಗ ಆಯಾಗಳಿಗೂ ಒಂದು ಡಬ್ಬಿ ಒಯ್ಯಿರಿ, ಅವರ ಹೆಸರು ಹಿಡಿದು ಮಾತಾಡಿಸಿ.

ದೊಡ್ಡವ್ವ ಈಗ ಇರುವುದು ಬಣ್ಣ ಮಾಸಿದ ಹಳೆ ಕಟ್ಟಡದಲ್ಲಿ. ಹಿಮ್ಮಡಿ ಮಾಯಲು ಮೂರು ತಿಂಗಳು ಹಿಡಿಯಿತು. ಪ್ರತಿ ಭಾನುವಾರ ಹೋದಾಗ ನಾನು ಮಾಡುವ ಕೆಲಸ ಇಷ್ಟು: ಎರಡೂ ಕಾಲುಚೀಲ ತೆಗೆದು ಹಿಮ್ಮಡಿ ಮುಟ್ಟಿ ನೋಡುತ್ತೇನೆ. ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ, ಆದ್ದರಿಂದ ಸುತ್ತಲಿಗಿಂತ ಕಪ್ಪಾಗಿದೆಯಾ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ನೋಡಬೇಕು. ಹಾಗಿದ್ದರೆ ಆ ಜಾಗ ಉಜ್ಜಬಾರದು, ಸಿಸ್ಟರಿಗೆ ತೋರಿಸಬೇಕು. ನಂತರ ಸೊಂಟ, ಬಾಯಿ, ಉಗುರು. ಎಡಗಡೆಯ ಸ್ಟೂಲಿನ ಮೇಲೆ ಲೋಟ ಇದೆಯಾ ಅಂತ ಒಂದು ಕಣ್ಣು. ತಿಂಗಳ ಮೊದಲ ಭಾನುವಾರ ಅವರ ಪುಸ್ತಕದಿಂದ ತೂಕ ನೋಡಿ ನಮ್ಮನೆ ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳುತ್ತೇನೆ. ಹೋದ ತಿಂಗಳು 46 ಇತ್ತು, ಈ ತಿಂಗಳು 46 ಮುಕ್ಕಾಲು.